ರಕ್ತನಾಳ ಸರಿ ಇದೆ, ಸ್ನಾಯುವಿಗೆ ರಕ್ತ ಮುಟ್ಟುತ್ತಿದೆಯಾ?

ನಮ್ಮ ಕಾಕಿ ಶಹಾಪುರ ತಾಲೂಕಿನ ಒಂದು ಹಳ್ಳಿಯವರು. ವಯಸ್ಸು 58. ಶುಗರ್ ಇದೆ, ಬಿಪಿ ಇದೆ. ಮೆಣಸಿನಕಾಯಿ ಒಣಹಾಕಲು ಮಾಳಿಗೆ ಹತ್ತುವಾಗ ಅರ್ಧ ಮೆಟ್ಟಿಲಿಗೇ ನಿಂತುಬಿಡುತ್ತಿದ್ದರು. ಎದೆಯ ನಡುವೆ ಯಾರೋ ಮುಷ್ಟಿ ಕಟ್ಟಿ ಒತ್ತಿದ ಹಾಗೆ, ಎಡಗೈ ಭಾರ, ಮೈಯೆಲ್ಲ ಬೆವರು. ಐದು ನಿಮಿಷ ಕೂತರೆ ಇಳಿಯುತ್ತಿತ್ತು. ಇಸಿಜಿ ತೆಗೆದರು, ಸರಿ ಇತ್ತು. ಎಕೋ ಮಾಡಿದರು, ಅದೂ ಸರಿ ಇತ್ತು. ಕೊನೆಗೆ ಕಲಬುರಗಿಗೆ ಕರೆತಂದು ಆಂಜಿಯೋಗ್ರಾಂ ಮಾಡಿಸಿದೆವು. ಬ್ಲಾಕ್ ಇಲ್ಲ ಅಂತ ಬಂತು. ಕಾಕಾ ಆ ಖುಷಿಯಲ್ಲಿ ಓಣಿಗೆಲ್ಲ ಪೇಡೆ ಹಂಚಿದರು.

ಎದೆನೋವು ಮಾತ್ರ ಹೋಗಲಿಲ್ಲ.

ಮುಂದಿನ ಒಂದು ವರ್ಷ ಕಾಕಿ ಕೇಳಿದ ಮಾತು ನೆನೆಸಿಕೊಂಡರೆ ನನಗೆ ಈಗಲೂ ಸಂಕಟವಾಗುತ್ತದೆ. ಗ್ಯಾಸ್ ಇರಬೇಕು ಅಂದರು. ಟೆನ್ಷನ್ ಇರಬೇಕು ಅಂದರು. ಮನೆಯವರೇ, ಸುಮ್ನೆ ಮನಸ್ಸಿಗೆ ಹಚ್ಚಿಕೊಂಡಿದ್ದಾಳೆ ಅಂದರು. ಒಂದು ಸಂಜೆ ನನ್ನನ್ನು ಪಕ್ಕಕ್ಕೆ ಕರೆದು ಕೇಳಿದರು: "ಬ್ಲಾಕ್ ಇಲ್ಲ ಅಂದ್ರಲ್ಲ ತಮ್ಮಾ, ಮತ್ತ ಎದಿ ಯಾಕ ಹಿಡಿತದ? ನಾ ಏನು ಸುಳ್ಳು ಹೇಳ್ಲಕತ್ತೀನೇನು?"

ನಾನು ಎಂಆರ್‌ಐ ಟೆಕ್ನಿಷಿಯನ್. ಮೊದಲು ಹೈದರಾಬಾದಿನಲ್ಲಿದ್ದೆ, ಈಗ ಕಲಬುರಗಿಯಲ್ಲಿದ್ದೇನೆ. ಕಾಕಿಯ ಪ್ರಶ್ನೆಗೆ ಉತ್ತರ ಹುಡುಕುವ ಪರೀಕ್ಷೆಯೊಂದಿದೆ. ಹೃದಯದ ಸ್ನಾಯುವಿನ ಒಂದೊಂದು ಗ್ರಾಂಗೆ ನಿಮಿಷಕ್ಕೆ ಎಷ್ಟು ಮಿಲಿಲೀಟರ್ ರಕ್ತ ಮುಟ್ಟುತ್ತಿದೆ ಅಂತ ಎಂಆರ್‌ಐನಲ್ಲಿ ಅಳೆಯಬಹುದು. ಇದಕ್ಕೆ ಸ್ಟ್ರೆಸ್ ಪರ್ಫ್ಯೂಷನ್ ಎಂಆರ್‌ಐ ಅನ್ನುತ್ತಾರೆ. ನಮ್ಮ ಕಡೆ ಇದರ ಬಗ್ಗೆ ಮಾತಾಡುವವರು ಕಡಿಮೆ. ಅದಕ್ಕೇ ಇದನ್ನು ಬರೆಯುತ್ತಿದ್ದೇನೆ.

ಯಾದಗಿರಿ ಜಿಲ್ಲೆಯವರಿಗೆ ಇದನ್ನು ಹೇಳೋದು ಸುಲಭ, ಯಾಕಂದರೆ ನಮಗೆ ಕಾಲುವೆ ಗೊತ್ತು. ನಾರಾಯಣಪುರದ ಬಸವಸಾಗರದಿಂದ ಎಡದಂಡೆ ಕಾಲುವೆ ಹೊರಡುತ್ತದೆ. ಅದರಿಂದ ಶಹಾಪುರ ಶಾಖಾ ಕಾಲುವೆ, ಮುಡಬೂಳ ಶಾಖಾ ಕಾಲುವೆ, ಆಮೇಲೆ ವಿತರಣಾ ಕಾಲುವೆಗಳು, ಕೊನೆಗೆ ಹೊಲಗಾಲುವೆ. ಮುಖ್ಯ ಕಾಲುವೆಯ ಸೇತುವೆ ಮೇಲೆ ನಿಂತು ನೋಡಿದರೆ ದಂಡೆ ಮುಟ್ಟ ನೀರು ಹರಿಯುತ್ತಿರುತ್ತದೆ. ಅದೇ ದಿನ ಕೊನೆಭಾಗದ ರೈತನ ಹೊಲಗಾಲುವೆಯಲ್ಲಿ ಮಣ್ಣು ಬಿರಿದಿರುತ್ತದೆ. ಸೇತುವೆ ಮೇಲೆ ನಿಂತವನು ನೀರಿದೆ ಅಂದರೆ ಅದು ನಿಜ. ನನ್ನ ಹೊಲಕ್ಕೆ ನೀರಿಲ್ಲ ಅಂತ ರೈತ ಹೇಳೋದೂ ನಿಜ.

ಆಂಜಿಯೋಗ್ರಾಂ ಅಂದರೆ ಸೇತುವೆ ಮೇಲಿಂದ ನೋಡೋದು. ಹೃದಯದ ಮೇಲೆ ಹರಡಿಕೊಂಡ ದೊಡ್ಡ ರಕ್ತನಾಳಗಳು ಮೂರು ನಾಲ್ಕು ಮಿಲಿಮೀಟರ್ ಅಗಲ ಇರುತ್ತವೆ, ಅವು ಆಂಜಿಯೋಗ್ರಾಂನಲ್ಲಿ ಚೆನ್ನಾಗಿ ಕಾಣುತ್ತವೆ. ಅರ್ಧ ಮಿಲಿಮೀಟರ್‌ಗಿಂತ ಸಣ್ಣವು ಸರಿಯಾಗಿ ಕಾಣೋದಿಲ್ಲ. ಆದರೆ ರಕ್ತದ ಹರಿವನ್ನು ಹೆಚ್ಚು ಕಡಿಮೆ ಮಾಡುವ ತೂಬುಗಳೆಲ್ಲ ಇರೋದು ಆ ಸಣ್ಣ ನಾಳಗಳಲ್ಲೇ. ಅವುಗಳಿಂದಾಚೆ ಕೂದಲಿಗಿಂತ ತೆಳ್ಳಗಿನ ಲೋಮನಾಳಗಳು, ಸ್ನಾಯುವಿನ ಒಂದು ಚದರ ಮಿಲಿಮೀಟರ್ ಜಾಗದಲ್ಲಿ ಸುಮಾರು 3000. ಅಲ್ಲಿಗೆ ರಕ್ತ ಮುಟ್ಟಿತಾ ಅನ್ನೋದೇ ಸ್ನಾಯುವಿಗೆ ಬೇಕಾದ ಮಾತು.

ಇನ್ನು ಲೆಕ್ಕಕ್ಕೆ ಬರೋಣ. ದೊಡ್ಡವರ ಹೃದಯ ಸುಮಾರು 300 ಗ್ರಾಂ ತೂಗುತ್ತದೆ. ಸುಮ್ಮನೆ ಕೂತಾಗ ಪ್ರತಿ ಗ್ರಾಂ ಸ್ನಾಯುವಿಗೆ ನಿಮಿಷಕ್ಕೆ ಒಂದು ಮಿಲಿಲೀಟರ್ ಹತ್ತಿರ ರಕ್ತ ಬೇಕು, ಕೆಲವರಿಗೆ ಸ್ವಲ್ಪ ಕಡಿಮೆ. ಹೃದಯ ನಿಮಿಷಕ್ಕೆ ಐದು ಲೀಟರ್ ರಕ್ತ ಊರಿಗೆಲ್ಲ ಹಂಚಿ ತನಗೆ ಅಂತ ಇಟ್ಟುಕೊಳ್ಳೋದು ಕಾಲು ಲೀಟರ್ ಅಷ್ಟೇ, ನೂರಕ್ಕೆ ಐದು ಪಾಲು.

ಹೃದಯದ ಸ್ನಾಯು ತನಗೆ ಬಂದ ರಕ್ತದಿಂದ ಆಮ್ಲಜನಕವನ್ನು ಹಿಂಡಿ ತೆಗೆಯುತ್ತದೆ, ಸುಮ್ಮನಿದ್ದಾಗಲೇ ನೂರಕ್ಕೆ 70ರಷ್ಟು ತೆಗೆದುಬಿಟ್ಟಿರುತ್ತದೆ. ಕೈಕಾಲಿನ ಸ್ನಾಯು ಹಾಗಲ್ಲ, ಅದು ಸ್ವಲ್ಪ ತೆಗೆದು ಉಳಿದದ್ದನ್ನು ಹಾಗೇ ಕಳಿಸುತ್ತದೆ, ಕೆಲಸ ಜಾಸ್ತಿಯಾದರೆ ಅದೇ ರಕ್ತದಿಂದ ಇನ್ನಷ್ಟು ತೆಗೆಯುತ್ತದೆ. ಹೃದಯಕ್ಕೆ ಆ ದಾರಿ ಇಲ್ಲ. ಮೆಟ್ಟಿಲು ಹತ್ತುವಾಗ ಹೆಚ್ಚು ಆಮ್ಲಜನಕ ಬೇಕು ಅಂದರೆ ಹೆಚ್ಚು ರಕ್ತವೇ ಬರಬೇಕು. ಆರೋಗ್ಯವಂತರ ಹೃದಯದಲ್ಲಿ ಸಣ್ಣ ನಾಳಗಳು ಬಾಯಿ ತೆರೆದು ಹರಿವನ್ನು ಮೂರು ನಾಲ್ಕು ಪಟ್ಟು ಏರಿಸುತ್ತವೆ. ಹೀಗೆ ಏರಿಸುವ ತಾಕತ್ತಿಗೆ ಮೀಸಲು ಅನ್ನೋಣ, ಮನೆಯಲ್ಲಿ ಕಷ್ಟಕಾಲಕ್ಕೆ ಅಂತ ಎತ್ತಿಟ್ಟ ಕಾಳಿನ ಹಾಗೆ.

ಎಡ ಹೃತ್ಕುಕ್ಷಿ ಅಂದರೆ ಮೈಗೆಲ್ಲ ರಕ್ತ ತಳ್ಳುವ ಹೃದಯದ ಕೋಣೆ. ಅದರ ಸ್ನಾಯುವಿಗೆ ಹೆಚ್ಚಿನ ರಕ್ತ ಸಿಗೋದು ಅದು ಸಡಿಲವಾದಾಗ. ಹಿಂಡಿಕೊಂಡಾಗ ಒಳಗಿನ ನಾಳಗಳು ಅಮುಕಿ ಹೋಗುತ್ತವೆ. ಗೋಡೆಯ ಒಳಪದರಕ್ಕೆ ಈ ಅಮುಕು ಜಾಸ್ತಿ, ಹಾಗಾಗಿ ರಕ್ತ ಕಡಿಮೆ ಬಿದ್ದರೆ ಮೊದಲು ಒಣಗೋದು ಆ ಒಳಪದರವೇ. ಕಾಲುವೆಯ ಕೊನೆಭಾಗ ಅಂತ ಯಾವುದನ್ನಾದರೂ ಕರೆಯೋದಾದರೆ ಅದನ್ನೇ ಕರೆಯಬೇಕು.

ಸುಮ್ಮನೆ ಮಲಗಿಸಿ ಅಳೆದರೆ ಯಾಕೆ ಸಾಲದು? ಅಮೆರಿಕದ ಲ್ಯಾನ್ಸ್ ಗೌಲ್ಡ್ ಅನ್ನುವ ವೈದ್ಯರು 1974ರಲ್ಲಿ ನಾಯಿಗಳ ಹೃದಯದ ರಕ್ತನಾಳವನ್ನು ಸ್ವಲ್ಪ ಸ್ವಲ್ಪವೇ ಬಿಗಿದು ನೋಡಿದರು. ನಾಳ ನೂರಕ್ಕೆ 85ರ ಹತ್ತಿರ ಮುಚ್ಚುವ ತನಕ ಸುಮ್ಮನಿದ್ದಾಗಿನ ಹರಿವು ಇಳಿಯಲೇ ಇಲ್ಲ. ಆದರೆ ಹರಿವನ್ನು ಗರಿಷ್ಠಕ್ಕೆ ಏರಿಸಿ ನೋಡಿದಾಗ ಅರ್ಧ ಮುಚ್ಚುವ ಹೊತ್ತಿಗೇ ಕೊರತೆ ಕಾಣಿಸಿತು. ಮೇಲೆ ನಾಳ ಕಿರಿದಾದಂತೆ ಕೆಳಗಿನ ಸಣ್ಣ ನಾಳಗಳು ತಾವೇ ಅಗಲವಾಗಿ ಸರಿದೂಗಿಸುತ್ತವೆ. ಕೂತಲ್ಲಿ ಏನೂ ಗೊತ್ತಾಗೋದಿಲ್ಲ. ಮೆಟ್ಟಿಲು ಹತ್ತಿದಾಗ ಇನ್ನೂ ಅಗಲವಾಗಲು ಅವುಗಳಲ್ಲಿ ಏನೂ ಉಳಿದಿರೋದಿಲ್ಲ. ಹೊಲಕ್ಕೆ ನೀರು ಬೇಡದ ಮಳೆಗಾಲದಲ್ಲಿ ಕಾಲುವೆ ಪರೀಕ್ಷೆ ಮಾಡಿದರೆ ಎಲ್ಲ ಕಾಲುವೆಯೂ ಪಾಸಾಗುತ್ತದೆ, ಅಲ್ವಾ? ಬೇಸಿಗೆಯಲ್ಲಿ, ಎಲ್ಲರೂ ನೀರು ಕೇಳುವಾಗ ನೋಡಬೇಕು.

ಅದಕ್ಕೇ ಈ ಪರೀಕ್ಷೆಯಲ್ಲಿ ಔಷಧಿ ಕೊಟ್ಟು ಆ ಬೇಸಿಗೆಯನ್ನು ತರುತ್ತಾರೆ, ಸ್ಟ್ರೆಸ್ ಅನ್ನೋದು ಇದಕ್ಕೇ. ಔಷಧಿಯ ಹೆಸರು ಅಡೆನೊಸಿನ್. ಅದು ನಮ್ಮ ಮೈಯಲ್ಲೇ ತಯಾರಾಗುವ ವಸ್ತು. ರಕ್ತನಾಳದ ಮೂಲಕ ತೂಕಕ್ಕೆ ತಕ್ಕಂತೆ, ಸಾಮಾನ್ಯವಾಗಿ ಕಿಲೋಗೆ ನಿಮಿಷಕ್ಕೆ 140 ಮೈಕ್ರೋಗ್ರಾಂ ಲೆಕ್ಕದಲ್ಲಿ, ಮೂರು ನಾಲ್ಕು ನಿಮಿಷ ಹರಿಸುತ್ತಾರೆ. ಹೃದಯದ ಸಣ್ಣ ನಾಳಗಳೆಲ್ಲ ಪೂರ್ತಿ ತೆರೆದುಕೊಳ್ಳುತ್ತವೆ. ಮುಖ ಬಿಸಿಯಾಗುತ್ತದೆ, ಎದೆ ಬಿಗಿಯುತ್ತದೆ, ಉಸಿರು ಜೋರಾಗುತ್ತದೆ. ಹೆದರಿಕೆ ಹುಟ್ಟಿಸುವ ಅನುಭವ ಅದು, ಸುಳ್ಳು ಯಾಕೆ ಹೇಳಲಿ. ಆದರೆ ರಕ್ತದಲ್ಲಿ ಅದರ ಅರ್ಧ ಆಯುಷ್ಯ ಹತ್ತು ಸೆಕೆಂಡಿಗಿಂತ ಕಡಿಮೆ. ಪಂಪ್ ನಿಲ್ಲಿಸಿದರೆ ಒಂದೆರಡು ನಿಮಿಷದಲ್ಲಿ ಎಲ್ಲ ಇಳಿದುಹೋಗುತ್ತದೆ. ಜೋರು ಅಸ್ತಮಾ ಇದ್ದವರಿಗೆ, ಹೃದಯದ ವಿದ್ಯುತ್ ದಾರಿಯಲ್ಲಿ ದೊಡ್ಡ ತಡೆ ಇದ್ದವರಿಗೆ ಇದನ್ನು ಕೊಡೋದಿಲ್ಲ. ವೈದ್ಯರು ಪಕ್ಕದಲ್ಲೇ ಇರುತ್ತಾರೆ, ಅಡೆನೊಸಿನ್‌ಗೆ ಎದುರಾಗಿ ಕೆಲಸ ಮಾಡುವ ಅಮಿನೊಫಿಲಿನ್ ಕೈಗೆಟುಕುವಷ್ಟು ಹತ್ತಿರ ಇರುತ್ತದೆ.

ಇನ್ನು ಚಹಾದ ಮಾತು. ದಯವಿಟ್ಟು ಇದನ್ನು ಹಗುರವಾಗಿ ತಗೋಬೇಡಿ. ಚಹಾ ಕಾಫಿಯಲ್ಲಿರುವ ಕೆಫೀನ್ ಅಡೆನೊಸಿನ್ ಹೋಗಿ ಕೂರಬೇಕಾದ ಜಾಗದಲ್ಲೇ ಕೂತುಬಿಡುತ್ತದೆ. ಆಮೇಲೆ ಅಡೆನೊಸಿನ್ ಹರಿಸಿದರೂ ನಾಳ ಸರಿಯಾಗಿ ತೆರೆಯದೇ ಹೋಗಬಹುದು, ಪರೀಕ್ಷೆ ತಪ್ಪು ಉತ್ತರ ಕೊಡಬಹುದು. ಅದಕ್ಕೇ ಸಾಮಾನ್ಯವಾಗಿ 24 ಗಂಟೆ ಮೊದಲಿನಿಂದ ಚಹಾ, ಕಾಫಿ, ಕೋಲಾ ಬೇಡ ಅನ್ನುತ್ತಾರೆ. ನಮ್ಮ ಕಾಕಿ ಹಿಂದಿನ ದಿನವೆಲ್ಲ ಗಟ್ಟಿಯಾಗಿದ್ದರು. ಹೈದರಾಬಾದಿಗೆ ಹೋಗುವ ರೈಲು ತಾಂಡೂರಿನಲ್ಲಿ ನಿಂತಾಗ, ಕಾಕಾ ಪ್ರೀತಿಯಿಂದ ತಂದುಕೊಟ್ಟ ಅಂತ ಅರ್ಧ ಕಪ್ ಚಹಾ ಕುಡಿದುಬಿಟ್ಟಿದ್ದರು. ನಾನು ಆಸ್ಪತ್ರೆಯಲ್ಲಿ ಕೇಳಿದಾಗ ತಲೆ ತಗ್ಗಿಸಿ ಹೇಳಿದರು. ಹೇಳಿದ್ದಕ್ಕೆ ನನಗೆ ಸಮಾಧಾನವಾಯಿತು. ಪರೀಕ್ಷೆ ಮರುದಿನಕ್ಕೆ ಹೋಯಿತು, ಒಂದು ರಾತ್ರಿ ಲಾಡ್ಜ್ ಖರ್ಚು ಬಿತ್ತು. ಹೇಳದೇ ಇದ್ದಿದ್ದರೆ ಇನ್ನೊಂದು ವರ್ಷ ಹೋಗುತ್ತಿತ್ತು.

ಈಗ ಯಂತ್ರದ ಕಡೆ ಬರೋಣ. ಎಂಆರ್‌ಐ ಅಂದರೆ ದೊಡ್ಡ ಅಯಸ್ಕಾಂತ. 1.5 ಟೆಸ್ಲಾ ಯಂತ್ರದ ಬಲ ಭೂಮಿಯ ಅಯಸ್ಕಾಂತ ಬಲದ ಸುಮಾರು 30,000 ಪಟ್ಟು. ಎಕ್ಸ್-ರೇ ಇಲ್ಲ, ವಿಕಿರಣ ಇಲ್ಲ. ನಮ್ಮ ಮೈಯ ನೀರಿನಲ್ಲಿ ಹೈಡ್ರೋಜನ್ ಇದೆ, ಅದರ ನಡುಬೀಜಗಳು ಪುಟ್ಟ ಅಯಸ್ಕಾಂತದ ಹಾಗೆ ಯಂತ್ರದ ದಿಕ್ಕಿಗೆ ತಿರುಗಿ ನಿಲ್ಲುತ್ತವೆ. ರೇಡಿಯೋ ತರಂಗದಿಂದ ತಟ್ಟಿದರೆ ವಾಲುತ್ತವೆ, ಬಿಟ್ಟರೆ ನಿಧಾನವಾಗಿ ಮತ್ತೆ ನೆಟ್ಟಗಾಗುತ್ತವೆ. ಹೀಗೆ ನೆಟ್ಟಗಾಗಲು ಹಿಡಿಯುವ ಹೊತ್ತು ಒಂದೊಂದು ಅಂಗಕ್ಕೆ ಒಂದೊಂದು ಥರ. ಹೃದಯದ ಸ್ನಾಯುವಿಗೆ ಹತ್ತಿರ ಹತ್ತಿರ ಒಂದು ಸೆಕೆಂಡ್. ಈ ವ್ಯತ್ಯಾಸದಿಂದ ಚಿತ್ರ ಮಾಡಬಹುದು ಅಂತ ಪಾಲ್ ಲಾಟರ್ಬರ್ 1973ರಲ್ಲಿ ತೋರಿಸಿದರು. ಅವರಿಗೂ ಪೀಟರ್ ಮ್ಯಾನ್ಸ್‌ಫೀಲ್ಡ್ ಅವರಿಗೂ 2003ರಲ್ಲಿ ನೊಬೆಲ್ ಬಂತು.

ರಕ್ತ ಎಲ್ಲಿ ಹೋಯಿತು ಅಂತ ತಿಳಿಯಲು ಅದಕ್ಕೊಂದು ಗುರುತು ಬೇಕು. ಆ ಗುರುತು ಗ್ಯಾಡೋಲಿನಿಯಂ, ಸೂಜಿಯಲ್ಲಿ ರಕ್ತಕ್ಕೆ ಬಿಡುವ ಒಂದು ಲೋಹದ ಔಷಧಿ. ಇದು ಬಣ್ಣ ಅಂತ ತುಂಬಾ ಜನ ತಿಳಿದುಕೊಂಡಿದ್ದಾರೆ. ಬಣ್ಣ ಏನೂ ಇಲ್ಲ, ನೀರಿನ ಹಾಗೇ ಇರುತ್ತದೆ. ಆದರೆ ಅದು ಹತ್ತಿರ ಬಂದ ಕಡೆ ಹೈಡ್ರೋಜನ್ ಬಹಳ ಬೇಗ ನೆಟ್ಟಗಾಗುತ್ತದೆ. ನಾವು ಪ್ರತಿ ಚಿತ್ರಕ್ಕೂ ಮೊದಲು ಒಂದು ತರಂಗ ಕೊಟ್ಟು ಎಲ್ಲವನ್ನೂ ಸೊನ್ನೆಗೆ ಇಳಿಸುತ್ತೇವೆ, ಸೆಕೆಂಡಿನ ಹತ್ತನೇ ಒಂದು ಭಾಗದಷ್ಟು ಕಾಯುತ್ತೇವೆ, ಚಿತ್ರ ತೆಗೆಯುತ್ತೇವೆ. ಅಷ್ಟರಲ್ಲಿ ಎದ್ದು ನಿಂತದ್ದು ಬೆಳ್ಳಗೆ ಕಾಣುತ್ತದೆ, ಇನ್ನೂ ಮಲಗಿದ್ದು ಕಪ್ಪು. ಗ್ಯಾಡೋಲಿನಿಯಂ ಬಂದ ಜಾಗ ಬೆಳ್ಳಗೆ, ಬರದ ಜಾಗ ಕಪ್ಪು.

ಪರದೆಯ ಮುಂದೆ ಕೂತು ಇದನ್ನು ನೋಡುವ ಒಂದು ನಿಮಿಷ ನನಗೆ ಎಷ್ಟು ಸಲ ನೋಡಿದರೂ ಹಳೆಯದಾಗಿಲ್ಲ. ಇಂಜೆಕ್ಟರ್ ಸೆಕೆಂಡಿಗೆ ನಾಲ್ಕು ಮಿಲಿಲೀಟರ್ ವೇಗದಲ್ಲಿ ಗ್ಯಾಡೋಲಿನಿಯಂ ತಳ್ಳುತ್ತದೆ, ಹಿಂದೆಯೇ ಸಲೈನ್. ಮೊದಲ ಕೆಲವು ಬಡಿತ ಪರದೆಯೆಲ್ಲ ಕತ್ತಲು. ಆಮೇಲೆ ಬಲ ಹೃತ್ಕುಕ್ಷಿ ಟಕ್ ಅಂತ ಬೆಳಗುತ್ತದೆ. ರಕ್ತ ಶ್ವಾಸಕೋಶ ಸುತ್ತಿ ಬರುವ ತನಕ ನಾಲ್ಕೈದು ಬಡಿತ ಕಾಯಬೇಕು. ಆಗ ಎಡ ಹೃತ್ಕುಕ್ಷಿ ಹಾಲಿನ ಹಾಗೆ ಬೆಳ್ಳಗಾಗುತ್ತದೆ, ಅದರ ಸುತ್ತ ಸ್ನಾಯು ಕಪ್ಪು ಬಳೆಯ ಹಾಗೆ ಉಳಿದಿರುತ್ತದೆ. ಮುಂದಿನ ಬಡಿತಗಳಲ್ಲಿ ಆ ಬಳೆ ನಿಧಾನವಾಗಿ ಬೂದಿ ಬಣ್ಣಕ್ಕೆ ಬರುತ್ತದೆ, ಆಮೇಲೆ ಬೆಳಗುತ್ತದೆ. ಎಲ್ಲಿಗೆ ರಕ್ತ ಸರಿಯಾಗಿ ಬರೋದಿಲ್ಲವೋ ಅಲ್ಲಿ ಬಳೆ ಮುರಿದ ಹಾಗೆ ಒಂದು ಕಪ್ಪು ತುಂಡು ಉಳಿದುಬಿಡುತ್ತದೆ. ಹೃದಯದ ಬುಡ, ನಡು, ತುದಿ ಅಂತ ಮೂರು ಕಡೆ ಅಡ್ಡ ಕೊಯ್ದ ಹಾಗೆ ಪ್ರತಿ ಬಡಿತಕ್ಕೂ ಮೂರು ಚಿತ್ರ. ಅರವತ್ತು ಬಡಿತಕ್ಕೆ 180 ಚಿತ್ರ. ಚಿತ್ರದ ಒಂದು ಚುಕ್ಕೆ ಎರಡು ಮಿಲಿಮೀಟರ್ ಆಸುಪಾಸು, ಗೋಡೆ ಒಂದು ಸೆಂಟಿಮೀಟರ್ ಹತ್ತಿರ ದಪ್ಪ. ಹಾಗಾಗಿ ಒಳಪದರ ಬೇರೆ, ಹೊರಪದರ ಬೇರೆ ಕಾಣುತ್ತದೆ.

ಇಷ್ಟು ದಿನ ವೈದ್ಯರು ಇದನ್ನು ಕಣ್ಣಿನಲ್ಲೇ ನೋಡಿ ಹೇಳುತ್ತಿದ್ದರು. ಅದೂ ಸಣ್ಣ ಮಾತಲ್ಲ. ಇಂಗ್ಲೆಂಡಿನ ಲೀಡ್ಸ್‌ನಲ್ಲಿ ನಡೆದು 2012ರಲ್ಲಿ ಬಂದ ಸಿಇ-ಮಾರ್ಕ್ ಅಧ್ಯಯನದಲ್ಲಿ 752 ಜನರನ್ನು ಪರೀಕ್ಷಿಸಿದರು. ರಕ್ತನಾಳದ ಕಾಯಿಲೆ ಇದ್ದವರಲ್ಲಿ ನೂರಕ್ಕೆ 86.5 ಜನರನ್ನು ಎಂಆರ್‌ಐ ಹಿಡಿಯಿತು, ವಿಕಿರಣ ಔಷಧಿ ಕೊಟ್ಟು ಮಾಡುವ ಸ್ಪೆಕ್ಟ್ ಸ್ಕ್ಯಾನ್ ಹಿಡಿದದ್ದು 66.5. 2019ರಲ್ಲಿ 918 ಜನರ ಮೇಲೆ ನಡೆದ ಎಂಆರ್-ಇನ್‌ಫಾರ್ಮ್ ಅಧ್ಯಯನ ಬಂತು. ಅರ್ಧ ಜನರಿಗೆ ನೇರವಾಗಿ ಆಂಜಿಯೋಗ್ರಾಂ ಮಾಡಿ ನಾಳದೊಳಗೆ ಒತ್ತಡ ಅಳೆದರು, ಉಳಿದವರಿಗೆ ಮೊದಲು ಎಂಆರ್‌ಐ ಮಾಡಿದರು. ಎಂಆರ್‌ಐ ಗುಂಪಿನಲ್ಲಿ ಸ್ಟೆಂಟ್ ಅಥವಾ ಬೈಪಾಸ್‌ಗೆ ಹೋದವರು ಕಡಿಮೆ, 45ರ ಬದಲು ಸುಮಾರು 36 ಪ್ರತಿಶತ. ಒಂದು ವರ್ಷದ ಮೇಲೆ ನೋಡಿದರೆ ಎರಡೂ ಗುಂಪಿನವರು ಒಂದೇ ಥರ ಚೆನ್ನಾಗಿದ್ದರು.

ಆದರೆ ಕಣ್ಣಿಗೆ ಒಂದು ಮಿತಿ ಇದೆ, ಕಾಕಿಯಂಥವರು ಅಲ್ಲೇ ಸಿಕ್ಕಿಕೊಳ್ಳೋದು. ಕಣ್ಣು ಹೋಲಿಸಿ ನೋಡುತ್ತದೆ. ಬಳೆಯಲ್ಲಿ ಒಂದು ಕಡೆ ಬೆಳ್ಳಗೆ, ಒಂದು ಕಡೆ ಕಪ್ಪು ಇದ್ದರೆ ಗೊತ್ತಾಗುತ್ತದೆ. ಇಡೀ ಬಳೆಯೇ ಒಂದೇ ಸಮ ಮಬ್ಬಾಗಿದ್ದರೆ? ಮೂರೂ ದೊಡ್ಡ ನಾಳಗಳಲ್ಲಿ ಒಟ್ಟಿಗೇ ಅಡಚಣೆ ಇದ್ದಾಗ, ಅಥವಾ ದೊಡ್ಡ ನಾಳ ಚೆನ್ನಾಗಿದ್ದು ಸಣ್ಣ ನಾಳಗಳೇ ಎಲ್ಲ ಕಡೆ ಬಿಗಿದುಕೊಂಡಾಗ ಹೀಗಾಗುತ್ತದೆ. ಊರಿನ ಹೊಲಗಳೆಲ್ಲ ಒಂದೇ ಥರ ಅರೆಬರೆ ಒಣಗಿದ್ದರೆ ಅಕ್ಕಪಕ್ಕ ನೋಡಿ ಏನು ಹೇಳ್ತೀರಿ? ಅಳತೆಯ ಪಟ್ಟಿಯೇ ಬೇಕು.

ಅಳತೆ ಸುಲಭವಾಗಿ ಬರಲಿಲ್ಲ. ಸ್ನಾಯು ಎಷ್ಟು ಬೇಗ ಬೆಳಗಿತು ಅಂತ ನೋಡಿದರೆ ಸಾಕು ಅಂತ ಮೊದಲಿಗೆ ಅನ್ನಿಸುತ್ತದೆ. ಸಾಲದು. ಒಬ್ಬರ ಹೃದಯ ಜೋರಾಗಿ ಪಂಪ್ ಮಾಡುತ್ತದೆ, ಗ್ಯಾಡೋಲಿನಿಯಂ ಒಂದೇ ಗಂಟಾಗಿ ಬಂದು ಬೀಳುತ್ತದೆ. ಇನ್ನೊಬ್ಬರದು ದುರ್ಬಲ, ಔಷಧಿ ದಾರಿಯಲ್ಲೇ ಹರಡಿಕೊಂಡು ಎಳೆಎಳೆಯಾಗಿ ಬರುತ್ತದೆ. ಸ್ನಾಯುವಿನಲ್ಲಿ ಬೆಳಕು ನಿಧಾನವಾಗಿ ಏರಿದ್ದು ಸ್ನಾಯುವಿನ ತಪ್ಪೋ, ಮೇಲಿಂದಲೇ ನಿಧಾನವಾಗಿ ಬಂತೋ? ತೂಬಿನಲ್ಲಿ ಯಾವ ಹೊತ್ತಿಗೆ ಎಷ್ಟು ನೀರು ಬಿಟ್ಟರು ಅಂತ ಗೊತ್ತಿಲ್ಲದೆ ಹೊಲದಲ್ಲಿ ನಿಂತ ನೀರು ನೋಡಿ ಕಾಲುವೆಯ ಬಗ್ಗೆ ತೀರ್ಪು ಹೇಳಲಾಗದು. ಹಾಗಾಗಿ ಎರಡು ಗೆರೆ ಎಳೆಯುತ್ತಾರೆ. ಒಂದು, ಎಡ ಹೃತ್ಕುಕ್ಷಿಯ ರಕ್ತದಲ್ಲಿ ಗ್ಯಾಡೋಲಿನಿಯಂ ಬಡಿತದಿಂದ ಬಡಿತಕ್ಕೆ ಹೇಗೆ ಏರಿ ಇಳಿಯಿತು ಅನ್ನೋದು, ಅದು ತೂಬಿನ ಗೆರೆ. ಇನ್ನೊಂದು ಸ್ನಾಯುವಿನಲ್ಲಿ ಹೇಗೆ ಏರಿತು ಅನ್ನೋದು, ಅದು ಹೊಲದ ಗೆರೆ. ಈ ತೂಬಿನಿಂದ ಈ ಹೊಲ ಇಷ್ಟು ಬೇಗ ತುಂಬಬೇಕಾದರೆ ನಿಮಿಷಕ್ಕೆ ಎಷ್ಟು ಹರಿದಿರಬೇಕು ಅಂತ ಕಂಪ್ಯೂಟರ್ ಹಿಂದಕ್ಕೆ ಲೆಕ್ಕ ಹಾಕುತ್ತದೆ. ಸಿಕ್ಕ ಉತ್ತರವೇ ಮಿಲಿಲೀಟರ್, ಪ್ರತಿ ನಿಮಿಷಕ್ಕೆ, ಪ್ರತಿ ಗ್ರಾಂಗೆ.

ತೂಬಿನ ಗೆರೆಯಲ್ಲೇ ಒಂದು ತೊಡಕಿತ್ತು. ಬಿಳಿ ಬಟ್ಟೆಗೆ ಹಾಕುವ ನೀಲಿಯನ್ನು ಬಕೆಟ್ ನೀರಿಗೆ ಹನಿ ಹನಿ ಬಿಟ್ಟು ನೋಡಿ. ಮೊದಲ ಹನಿ, ಎರಡನೇ ಹನಿ, ಮೂರನೇ ಹನಿಗೆ ವ್ಯತ್ಯಾಸ ಕಾಣುತ್ತದೆ. ಇಪ್ಪತ್ತು ಹನಿ ಆದಮೇಲೆ ಇಪ್ಪತ್ತೊಂದನೆಯದು ಬಿತ್ತಾ ಇಲ್ಲವಾ ಕಣ್ಣಿಗೆ ಗೊತ್ತಾಗೋದಿಲ್ಲ. ಎಂಆರ್‌ಐಗೂ ಹೀಗೇ. ಹೃತ್ಕುಕ್ಷಿಯಲ್ಲಿ ಗ್ಯಾಡೋಲಿನಿಯಂ ಗಾಢವಾಗಿರುತ್ತದೆ, ಬೆಳಕು ಒಂದು ಮಟ್ಟಕ್ಕೆ ಏರಿ ಅಲ್ಲೇ ನಿಂತುಬಿಡುತ್ತದೆ. ಸ್ನಾಯುವಿನಲ್ಲಿ ಔಷಧಿ ತೆಳು, ಅಲ್ಲಿ ಈ ತೊಂದರೆ ಕಡಿಮೆ. ಒಂದೇ ಹೊಂದಿಕೆಯಲ್ಲಿ ಎರಡನ್ನೂ ಸರಿಯಾಗಿ ಅಳೆಯಲಾಗದು. ಕೆಲವರು ಎರಡು ಸಲ ಔಷಧಿ ಕೊಟ್ಟರು, ಮೊದಲು ತೂಬಿಗೆ ಅಂತ ತೆಳುವಾಗಿ, ಆಮೇಲೆ ಸ್ನಾಯುವಿಗೆ ಅಂತ ಗಟ್ಟಿಯಾಗಿ. ಇನ್ನೊಂದು ದಾರಿ ನನಗೆ ಹೆಚ್ಚು ಇಷ್ಟ: ಒಂದೇ ಸಲ ಔಷಧಿ ಕೊಟ್ಟು, ಪ್ರತಿ ಬಡಿತದಲ್ಲೂ ಹೃತ್ಕುಕ್ಷಿಗೆ ಅಂತ ಒಂದು ಒರಟು, ಅವಸರದ ಚಿತ್ರ ತೆಗೆದುಕೊಂಡು, ಆಮೇಲೆ ಸ್ನಾಯುವಿನ ನಯವಾದ ಚಿತ್ರಗಳನ್ನು ತೆಗೆಯೋದು. ಅವಸರದ ಚಿತ್ರದಲ್ಲಿ ಕಾಯುವ ಹೊತ್ತು ತೀರಾ ಕಡಿಮೆ, ಹಾಗಾಗಿ ಬೆಳಕು ಆ ಮಟ್ಟ ಮುಟ್ಟುವ ಮೊದಲೇ ಅಳತೆ ಮುಗಿದಿರುತ್ತದೆ.

ಉಸಿರಾಟದ್ದು ಬೇರೆ ಕಾಟ. ಅಡೆನೊಸಿನ್ ಹೋಗುವಾಗ ಒಂದು ನಿಮಿಷ ಉಸಿರು ಹಿಡಿ ಅಂದರೆ ಯಾರಿಂದ ಆಗುತ್ತದೆ? ಈಗ ಉಸಿರಾಡುತ್ತಲೇ ಇರಲಿ ಅಂತ ಬಿಟ್ಟು, 180 ಚಿತ್ರಗಳನ್ನೂ ಕಂಪ್ಯೂಟರ್ ಒಂದರ ಮೇಲೊಂದು ಸರಿಯಾಗಿ ಕೂರಿಸುತ್ತದೆ. ಅಮೆರಿಕದ ರಾಷ್ಟ್ರೀಯ ಆರೋಗ್ಯ ಸಂಸ್ಥೆಯ ಪೀಟರ್ ಕೆಲ್ಮನ್ ಮತ್ತು ಜೊತೆಗಾರರು 2017ರಲ್ಲಿ ಇದೆಲ್ಲವನ್ನೂ ಯಂತ್ರದಲ್ಲೇ ತನ್ನಷ್ಟಕ್ಕೆ ನಡೆಯುವ ಹಾಗೆ ಮಾಡಿ ತೋರಿಸಿದರು. ಮೊದಲು ಒಬ್ಬ ರೋಗಿಯ ಲೆಕ್ಕಕ್ಕೆ ಯಾರಾದರೂ ಗಂಟೆಗಟ್ಟಲೆ ಕೂತು ಬಳೆಯ ಅಂಚು ಗೀಚಬೇಕಿತ್ತು. ಈಗ ಕೆಲವು ನಿಮಿಷಕ್ಕೆ ಬಣ್ಣದ ನಕ್ಷೆ ಬಂದು ನಿಲ್ಲುತ್ತದೆ, ಪ್ರತಿ ಚುಕ್ಕೆಗೂ ಒಂದು ಸಂಖ್ಯೆ ಇರುತ್ತದೆ. 2020ರಲ್ಲಿ ಲಂಡನ್ನಿನ ವೈದ್ಯರು ಸಾವಿರಕ್ಕೂ ಹೆಚ್ಚು ರೋಗಿಗಳ ಇಂಥ ನಕ್ಷೆ ನೋಡಿ, ಅಡೆನೊಸಿನ್ ಕೊಟ್ಟಾಗ ಹರಿವು ಕಡಿಮೆ ಇದ್ದವರಿಗೆ, ಮೀಸಲು ಕಡಿಮೆ ಇದ್ದವರಿಗೆ ಮುಂದೆ ಹೃದಯದ ಅಪಾಯ ಮತ್ತು ಸಾವು ಹೆಚ್ಚು ಅಂತ ತೋರಿಸಿದರು.

ಸಂಖ್ಯೆ ಓದೋದು ಹೇಗೆ? ಒಬ್ಬರಿಗೆ ಸುಮ್ಮನಿದ್ದಾಗ 0.8, ಅಡೆನೊಸಿನ್‌ನಲ್ಲಿ 2.6 ಬಂತು ಅಂದುಕೊಳ್ಳಿ. 2.6ನ್ನು 0.8ರಿಂದ ಭಾಗಿಸಿದರೆ ಮೀಸಲು 3.25, ಚೆನ್ನಾಗಿದೆ. ಇನ್ನೊಬ್ಬರಿಗೆ 0.9 ಮತ್ತು 1.5 ಬಂದರೆ ಮೀಸಲು 1.7 ಹತ್ತಿರ. ಎರಡಕ್ಕಿಂತ ಕೆಳಗೆ ಅಂದರೆ ಸಾಮಾನ್ಯವಾಗಿ ಕಡಿಮೆ ಅಂತಲೇ ಲೆಕ್ಕ. ಆದರೆ ಮೀಸಲು ಒಂದನ್ನೇ ನೋಡಬಾರದು. ರಕ್ತಹೀನತೆ ಇದ್ದವರ ಹೃದಯ ಸುಮ್ಮನಿದ್ದಾಗಲೇ ಹೆಚ್ಚು ರಕ್ತ ಎಳೆದುಕೊಳ್ಳುತ್ತಿರುತ್ತದೆ. ಕೆಳಗಿನ ಸಂಖ್ಯೆ ದೊಡ್ಡದಾದರೆ ಭಾಗಾಕಾರದ ಉತ್ತರ ಸಣ್ಣದಾಗುತ್ತದೆ, ಅಷ್ಟೇ. ಬಿಪಿ ಏರಿದ್ದರೂ, ನಾಡಿ ಓಡುತ್ತಿದ್ದರೂ ಹೀಗೇ. ನಮ್ಮ ಕಡೆ ಹೆಣ್ಣುಮಕ್ಕಳಲ್ಲಿ ರಕ್ತ ಕಡಿಮೆ ಇರೋದು ಎಷ್ಟು ಮನೆಯ ಮಾತು ಅಂತ ನಿಮಗೇ ಗೊತ್ತು, ಅದಕ್ಕೆ ಹಿಮೋಗ್ಲೋಬಿನ್ ರಿಪೋರ್ಟ್ ಜೊತೆಗಿಟ್ಟುಕೊಂಡೇ ಹೋಗಿ. ಒಂದು ಯಂತ್ರದ ಸಂಖ್ಯೆಯನ್ನು ಇನ್ನೊಂದು ಯಂತ್ರದ ಸಂಖ್ಯೆ ಪಕ್ಕ ಇಟ್ಟು ಜಗಳ ಮಾಡೋದೂ ಬೇಡ, ಲೆಕ್ಕ ಹಾಕುವ ವಿಧಾನ ಬೇರೆ ಬೇರೆ ಇರುತ್ತದೆ. ಈ ಅಳತೆಗೆ ಹಳೆಯ, ನಂಬಿಕಸ್ಥ ಮಾನದಂಡ ಪೆಟ್ ಸ್ಕ್ಯಾನ್. ಅದಕ್ಕೆ ವಿಕಿರಣ ಔಷಧಿ ಬೇಕು, ಅದರಲ್ಲಿ ಬಳಸುವ ನೈಟ್ರೋಜನ್-13 ಅಮೋನಿಯಾ ಹತ್ತೇ ನಿಮಿಷಕ್ಕೆ ಅರ್ಧ ಕರಗುತ್ತದೆ, ತಯಾರಿಸುವ ಸೈಕ್ಲೋಟ್ರಾನ್ ಪಕ್ಕದಲ್ಲೇ ಇರಬೇಕು.

ಕಾಕಿಯ ಪರೀಕ್ಷೆ ನಾನು ಮೊದಲು ಕೆಲಸ ಮಾಡಿದ ಕಡೆಯೇ ಆಯಿತು. ಎರಡೂ ಕೈಗೆ ಸೂಜಿ, ಒಂದರಲ್ಲಿ ಅಡೆನೊಸಿನ್, ಇನ್ನೊಂದರಲ್ಲಿ ಗ್ಯಾಡೋಲಿನಿಯಂ. ಎದೆಗೆ ಇಸಿಜಿ ಪಟ್ಟಿ, ಅದರ ಮೇಲೆ ಎಂಆರ್‌ಐ ಸಂಕೇತ ಹಿಡಿಯುವ ಕಾಯಿಲ್. ಬಳೆ, ತಾಳಿ, ಕಾಲುಂಗುರ ಎಲ್ಲ ತೆಗೆದು ಕಾಕಾ ಕೈಗೆ ಕೊಟ್ಟಿದ್ದರು. ಅಡೆನೊಸಿನ್ ಶುರುವಾಗಿ ಎರಡನೇ ನಿಮಿಷಕ್ಕೆ ಮೈಕಿನಲ್ಲಿ ದನಿ ಬಂತು: "ತಮ್ಮಾ, ಎದಿ ಮ್ಯಾಲ ತೊಗರಿ ಚೀಲ ಇಟ್ಟಂಗ ಆಗ್ಲಕತ್ತದ." ನಾನು ಹೇಳಿದೆ, "ಆಗ್ತದ ಕಾಕಿ, ಇನ್ನ ಎರಡು ನಿಮಿಷ, ನಾ ಇಲ್ಲೇ ಅದೀನಿ." ನಾಡಿ 74 ಇದ್ದದ್ದು 92 ಆಗಿತ್ತು. ಚಿತ್ರದ ಮೂಲೆಯಲ್ಲಿ ಎಡಪಕ್ಕೆಯೊಳಗಿನ ಗುಲ್ಮ ಅನ್ನುವ ಅಂಗ (ಸ್ಪ್ಲೀನ್) ಕಾಣುತ್ತಿತ್ತು, ನಾನು ಅದನ್ನೇ ನೋಡುತ್ತಿದ್ದೆ. ಅಡೆನೊಸಿನ್ ಸರಿಯಾಗಿ ಹಿಡಿದರೆ ಹೃದಯದ ನಾಳ ತೆರೆಯುತ್ತದೆ, ಗುಲ್ಮದ ನಾಳ ಮಾತ್ರ ಮುಚ್ಚಿಕೊಳ್ಳುತ್ತದೆ. ಗುಲ್ಮ ಕಪ್ಪಗೇ ಉಳಿಯಿತು. ಅಂದರೆ ಔಷಧಿ ಕೆಲಸ ಮಾಡಿದೆ, ಚಹಾ ಮೈಬಿಟ್ಟು ಹೋಗಿದೆ. ಹತ್ತು ನಿಮಿಷ ಬಿಟ್ಟು ಅಡೆನೊಸಿನ್ ಇಲ್ಲದೆ, ಗ್ಯಾಡೋಲಿನಿಯಂ ಮಾತ್ರ ಕೊಟ್ಟು ಇನ್ನೊಂದು ಸಲ ತೆಗೆದೆವು, ಆಗ ಗುಲ್ಮ ಬೆಳಗಿತು. ಕೊನೆಗೆ ಇನ್ನೂ ಸ್ವಲ್ಪ ಹೊತ್ತು ಕಾದು ಗಾಯದ ಕಲೆಯ ಚಿತ್ರ. ಹಳೆಯ ಹಾರ್ಟ್ ಅಟ್ಯಾಕ್‌ನಲ್ಲಿ ಸತ್ತ ಸ್ನಾಯು ಇದ್ದರೆ ಅಲ್ಲಿ ಗ್ಯಾಡೋಲಿನಿಯಂ ಸಿಕ್ಕಿಕೊಂಡು ಬೆಳ್ಳಗೆ ಉಳಿಯುತ್ತದೆ. ಒಟ್ಟು ಒಂದು ಗಂಟೆ ಹಿಡಿಯಿತು.

ಹೋಗುವ ಮೊದಲು ತಿಳಿದಿರಬೇಕಾದ ಇನ್ನೆರಡು ಮಾತು ಇಲ್ಲೇ ಹೇಳಿಬಿಡುತ್ತೇನೆ. ಕಿಡ್ನಿ ತೀರಾ ಕೆಟ್ಟಿದ್ದರೆ ಗ್ಯಾಡೋಲಿನಿಯಂ ವಿಷಯದಲ್ಲಿ ಎಚ್ಚರ ಬೇಕು, ಅಂಥವರಲ್ಲಿ ಚರ್ಮ ಗಟ್ಟಿಯಾಗುವ ಅಪರೂಪದ ಕಾಯಿಲೆ ಬರಬಹುದು ಅಂತ 2006ರಿಂದ ಗೊತ್ತಿದೆ. ಹೊಸ ಬಗೆಯ ಔಷಧಿಗಳಲ್ಲಿ ಆ ಅಪಾಯ ಬಹಳ ಕಡಿಮೆ, ಆದರೂ ಕಿಡ್ನಿಯ ಕ್ರಿಯಾಟಿನಿನ್ ರಕ್ತಪರೀಕ್ಷೆ ನೋಡದೆ ಮಾಡಿಸಬೇಡಿ. ಪೇಸ್‌ಮೇಕರ್ ಇದ್ದರೆ ಮೊದಲೇ ಹೇಳಿ, ಅದರ ಕಾರ್ಡ್ ತೋರಿಸಿ. ಇನ್ನು ಎಂಆರ್‌ಐ ಯಂತ್ರ ಇದ್ದ ಕಡೆಯೆಲ್ಲ ಈ ಪರೀಕ್ಷೆ ಆಗೋದಿಲ್ಲ. ಹೃದಯದ ಸಾಫ್ಟ್‌ವೇರ್ ಬೇಕು, ಸ್ಟ್ರೆಸ್ ಕೊಡುವಾಗ ಪಕ್ಕದಲ್ಲಿ ನಿಲ್ಲುವ ವೈದ್ಯರು ಬೇಕು. ಹಾಗಾಗಿ ಫೋನ್ ಮಾಡಿದಾಗ "ಹೃದಯದ ಎಂಆರ್‌ಐ ಮಾಡ್ತೀರಾ" ಅಂತ ಕೇಳಿ ಬಿಡಬೇಡಿ. "ಸ್ಟ್ರೆಸ್ ಪರ್ಫ್ಯೂಷನ್ ಮಾಡ್ತೀರಾ, ಹರಿವಿನ ಸಂಖ್ಯೆ ಕೊಡ್ತೀರಾ" ಅಂತ ಕೇಳಿ. ಮತ್ತೆ, ಎದೆನೋವು ಈಗ ಬಂದಿದೆ, ಕೂತರೂ ಇಳಿಯುತ್ತಿಲ್ಲ ಅಂದರೆ ಇದ್ಯಾವುದರ ಮಾತೇ ಬೇಡ. ಹತ್ತಿರದ ಆಸ್ಪತ್ರೆಗೆ ಓಡಿ, ಇಸಿಜಿ ತೆಗೆಸಿ. ಕಲಬುರಗಿಯಲ್ಲೇ ಜಯದೇವ ಹೃದ್ರೋಗ ಆಸ್ಪತ್ರೆ ಇದೆ. ಆ ಹೊತ್ತಿಗೆ ಬೇಕಾಗೋದು ನಾಳ ತೆರೆಯುವವರು.

ಕಾಕಿಯ ಚಿತ್ರ ಕಣ್ಣಿಗೆ ಸರಿಯಾಗೇ ಕಂಡಿತು. ಬಳೆ ಎಲ್ಲೂ ಮುರಿದಿರಲಿಲ್ಲ. ಕಲೆಯೂ ಇರಲಿಲ್ಲ, ಸ್ನಾಯು ಎಲ್ಲ ಜೀವಂತ. ಆಮೇಲೆ ನಕ್ಷೆ ಬಂತು. ಅಡೆನೊಸಿನ್ ಕೊಟ್ಟಾಗ ಕೆಂಪು ಹಳದಿ ತುಂಬಬೇಕಾದ ಕಡೆ ಮೂರೂ ಸುತ್ತು ಒಂದೇ ಸಮ ನೀಲಿ. ಮೀಸಲು ಎರಡು ಮುಟ್ಟಿರಲಿಲ್ಲ. ಒಳಪದರದಲ್ಲಿ ಇನ್ನೂ ಕಡಿಮೆ. ಹಿಮೋಗ್ಲೋಬಿನ್ ಸರಿ ಇತ್ತು. ವೈದ್ಯರು ಎರಡು ಸಲ ನೋಡಿ, ದೊಡ್ಡ ನಾಳದಲ್ಲಿ ಏನೂ ಇಲ್ಲ, ತೊಂದರೆ ಇರೋದು ಸಣ್ಣ ನಾಳಗಳಲ್ಲಿ ಅಂದರು. ಶುಗರ್, ಬಿಪಿ ಎರಡೂ ವರ್ಷಗಟ್ಟಲೆ ಇದ್ದವರಲ್ಲಿ, ಅದರಲ್ಲೂ ಹೆಂಗಸರಲ್ಲಿ, ಇದು ಕಾಣುತ್ತದೆ. ಸ್ಟೆಂಟ್ ಹಾಕುವಂಥ ಜಾಗ ಯಾವುದೂ ಇಲ್ಲ. ಮಾತ್ರೆ ಬದಲಾಯಿತು, ಶುಗರ್ ಬಿಗಿ ಮಾಡಿದರು, ದಿನಾ ಸಮತಟ್ಟು ದಾರಿಯಲ್ಲಿ ನಡೆಯಿರಿ ಅಂದರು.

ರಿಪೋರ್ಟ್ ಕೈಗೆ ಬಂದಾಗ ಕಾಕಾ ಹೊರಗೆ ಬೆಂಚಿನ ಮೇಲೆ ಕೂತಿದ್ದರು, ಮಡಿಲಲ್ಲಿ ಬಳೆ ತಾಳಿಯ ಗಂಟು. ನಾನು ಕಾಕಿಗೆ ಕಾಲುವೆಯ ಲೆಕ್ಕದಲ್ಲೇ ಎಲ್ಲ ಹೇಳಿದ್ದೆ. ಅವರು ಹೋಗಿ ಪಕ್ಕದಲ್ಲಿ ಕೂತು, ಬಣ್ಣದ ಹಾಳೆ ಬಿಡಿಸಿ, ನೀಲಿ ಬಳೆಯ ಮೇಲೆ ಬೆರಳಿಟ್ಟರು. "ನೋಡ್ರಿ ಇಲ್ಲಿ. ಕಾಲುವಿದಾಗ ನೀರು ಅದ. ನನ್ನ ಹೊಲಕ್ಕ ಮುಟ್ಟವಲ್ದು."